ಒಂದು ಹೆಸರು, ಇಬ್ಬರು ಒಡೆಯರು: ಡೊಮೇನ್ ಹೆಸರು ಮತ್ತು ವ್ಯಾಪಾರಚಿಹ್ನೆಗಳ ವ್ಯಾಜ್ಯದ ವಿಮರ್ಶೆ

೧

ವ್ಯಾಪಾರಚಿಹ್ನೆ, ಎಂದರೆ ಟ್ರೇಡ್‌ಮಾರ್ಕ್, ಹಳೆಯ ಕಟ್ಟಲೆ. ಅಂತರಜಾಲದ ಡೊಮೇನ್ ಹೆಸರು ಹೊಸದು. ಇಂಗ್ಲೆಂಡಿನಲ್ಲಿ ಚಿಹ್ನೆಗಳ ನೋಂದಣಿಗೆ ೧೮೭೫ರಲ್ಲಿ ಶಾಸನವಾಗಿ, ೧೮೭೬ರ ಜನವರಿ ೧ರಂದು ಬಾಸ್ ಎಂಬ ಬಿಯರ್ ತಯಾರಕರ ಕೆಂಪು ತ್ರಿಕೋನವು ಮೊದಲನೆಯ ಚಿಹ್ನೆಯಾಗಿ ದಾಖಲಾಯಿತು. ನಮ್ಮ ದೇಶದಲ್ಲಿ ಮೊದಲು ೧೯೪೦ರ ಕಾಯಿದೆ, ಅನಂತರ ೧೯೫೮ರ ಕಾಯಿದೆ, ಅದರ ಸ್ಥಾನದಲ್ಲಿ ೧೯೯೯ರಲ್ಲಿ ಅಂಗೀಕೃತವಾಗಿ ೨೦೦೩ರ ಸೆಪ್ಟೆಂಬರ್ ೧೫ರಿಂದ ಜಾರಿಗೆ ಬಂದ ಈಗಿನ ಕಾಯಿದೆ, ಹೀಗೆ ಮೂರು ಮೆಟ್ಟಿಲುಗಳಲ್ಲಿ ಈ ಶಾಸನವು ಬೆಳೆದುಬಂದಿದೆ. ಡೊಮೇನ್ ಹೆಸರುಗಳ ವ್ಯವಸ್ಥೆಯಾದರೋ ೧೯೮೩ರಲ್ಲಿ ಪಾಲ್ ಮೊಕಾಪೆಟ್ರಿಸ್ ಅವರು ರೂಪಿಸಿದ್ದು. ‘.ಕಾಂ’ ಎಂದು ಮುಗಿಯುವ ಹೆಸರುಗಳಲ್ಲಿ ಮೊದಲನೆಯದಾದ ಸಿಂಬಾಲಿಕ್ಸ್.ಕಾಂ ನೋಂದಣಿಯಾದುದು ೧೯೮೫ರ ಮಾರ್ಚ್ ೧೫ರಂದು. ಹತ್ತು ವರ್ಷ ಕಳೆಯುವಷ್ಟರಲ್ಲಿ ಈ ಹೊಸದು ಆ ಹಳೆಯದರೊಡನೆ ಘರ್ಷಣೆಗೆ ಬಂದಿತು. ತನ್ನ ಹೆಸರಿನಲ್ಲಿ ಜಾಲತಾಣವನ್ನು ಪಡೆದವನೊಬ್ಬ, ಅದೇ ಹೆಸರಿನ ಚಿಹ್ನೆಯನ್ನು ಹೊಂದಿದವನು ಇನ್ನೊಬ್ಬ. ಇವರಲ್ಲಿ ಹೆಸರು ಯಾರಿಗೆ ಸಲ್ಲಬೇಕು?

ಇದು ವಕೀಲರ ಪ್ರಶ್ನೆ, ಇತಿಹಾಸದ ಅಧ್ಯಾಪಕರಿಗೆ ಇದರಲ್ಲೇನು ಕೆಲಸ ಎಂದು ವಾಚಕರು ಕೇಳಬಹುದು. ಆದರೆ ಇಂಥ ವ್ಯಾಜ್ಯಗಳ ತೀರ್ಪುಗಳನ್ನು ಸಾಲಾಗಿ ಓದಿನೋಡಿದವರಿಗೆ ಒಂದು ಸಂಗತಿ ಹೊಳೆಯದೆ ಇರದು. ಆ ಹೆಸರನ್ನು ಮೊದಲು ಇಟ್ಟುಕೊಂಡವರು ಯಾರು, ಎಂದು, ಎಲ್ಲಿಂದ ತೆಗೆದುಕೊಂಡರು, ಯಾವ ಉದ್ದೇಶದಿಂದ ಎಂಬ ನಾಲ್ಕು ಪ್ರಶ್ನೆಗಳ ಮೇಲೆಯೇ ಒಳ್ಳೆಯ ತೀರ್ಪುಗಳು ನಿಂತಿವೆ. ಇವು ಶಾಸನವೊಂದನ್ನು ಕೈಗೆತ್ತಿಕೊಂಡ ಚರಿತ್ರಕಾರನು ಕೇಳುವ ಪ್ರಶ್ನೆಗಳೇ ಆಗಿವೆ. ಇವುಗಳನ್ನು ಬಿಟ್ಟು, ಹೆಸರಿನ ಇಂದಿನ ಪ್ರಸಿದ್ಧಿಯನ್ನು ಮಾತ್ರ ತೂಗಿನೋಡಿದಲ್ಲೆಲ್ಲ ನ್ಯಾಯವು ದೊಡ್ಡವರ ಕಡೆಗೆ ವಾಲಿದೆ. ಈ ಅಭಿಪ್ರಾಯವನ್ನು ಕೆಲವು ಪ್ರಸಿದ್ಧ ವ್ಯಾಜ್ಯಗಳ ವಿಮರ್ಶೆಯಿಂದ ಸಮರ್ಥಿಸುವುದು ಪ್ರಸ್ತುತ ಲೇಖನದ ಉದ್ದೇಶ.

೨

ಮೊದಲು ವ್ಯಾಪಾರಚಿಹ್ನೆಯ ಸ್ವರೂಪವನ್ನು ಗಮನಿಸೋಣ. ಚಿಹ್ನೆಯ ಸ್ವಾಮ್ಯವು ಎಂದೂ ಅಖಂಡವಾದ ಸ್ವಾಮ್ಯವಾಗಿರಲಿಲ್ಲ. ಅದಕ್ಕೆ ಎರಡು ಎಲ್ಲೆಗಳಿದ್ದುವು. ಒಂದು ಸರಕಿನ ಎಲ್ಲೆ, ಇನ್ನೊಂದು ನಾಡಿನ ಎಲ್ಲೆ. ಈಗ ಬಳಕೆಯಲ್ಲಿರುವ ಅಂತರರಾಷ್ಟ್ರೀಯ ವರ್ಗೀಕರಣದಲ್ಲಿ ಸರಕುಗಳಿಗೆ ೩೪, ಸೇವೆಗಳಿಗೆ ೧೧, ಒಟ್ಟು ೪೫ ವರ್ಗಗಳಿವೆ. ಸಾಬೂನಿಗೆ ಒಂದು ಹೆಸರನ್ನು ನೋಂದಾಯಿಸಿದವನು ಅದೇ ಹೆಸರಿನಲ್ಲಿ ನೇಗಿಲು ಮಾರುವವನನ್ನು ಸಾಮಾನ್ಯವಾಗಿ ತಡೆಯಲಾರನು. ಒಂದು ದೇಶದ ನೋಂದಣಿ ಇನ್ನೊಂದು ದೇಶದಲ್ಲಿ ತಾನಾಗಿಯೇ ನಡೆಯದು. ಕೊಳ್ಳುವವನು ಮೋಸಹೋಗಬಾರದೆಂಬುದಷ್ಟೇ ಈ ಶಾಸನದ ಮೂಲೋದ್ದೇಶವಾದ್ದರಿಂದ, ಮೋಸದ ಸಂಭವವಿಲ್ಲದೆಡೆಯಲ್ಲಿ ಒಂದೇ ಹೆಸರಿನ ಇಬ್ಬರು ಮೂವರು ನೆಮ್ಮದಿಯಿಂದ ಬಾಳಲು ಅದು ಅವಕಾಶ ಕೊಟ್ಟಿತು.

ಇದಕ್ಕೆ ನಮ್ಮ ಸರ್ವೋಚ್ಚ ನ್ಯಾಯಾಲಯದ ೧೯೬೨ರ ಒಂದು ತೀರ್ಪು ಉತ್ತಮ ನಿದರ್ಶನ. ‘ಅಮೃತಧಾರಾ’ ಎಂಬ ಔಷಧದ ಒಡೆಯರು ‘ಲಕ್ಷ್ಮಣಧಾರಾ’ ಎಂಬ ಔಷಧದ ನೋಂದಣಿಯನ್ನು ವಿರೋಧಿಸಿದರು. ಹೆಸರುಗಳನ್ನು ಬಿಡಿಬಿಡಿಯಾಗಿ ಒಡೆದು ಅರ್ಥ ವಿಚಾರಿಸುತ್ತ ಕೂರದ, ಅರೆನೆನಪಿನಿಂದ ಕೊಳ್ಳುವ ಸಾಮಾನ್ಯ ಗಿರಾಕಿಯ ಕಿವಿಗೆ ಇವೆರಡೂ ಒಂದರಂತೆ ಇನ್ನೊಂದು ಕೇಳಿಸುವುವೆಂದು ನ್ಯಾಯಾಲಯವು ಒಪ್ಪಿತು. ಆದರೂ ಲಕ್ಷ್ಮಣಧಾರಾ ಬಹುಕಾಲದಿಂದ ಮಾರಾಟವಾಗುತ್ತಿದ್ದುದನ್ನೂ, ಅದನ್ನು ಅರಿತೂ ಎದುರು ಪಕ್ಷದವರು ಸುಮ್ಮನಿದ್ದುದನ್ನೂ ಲೆಕ್ಕಕ್ಕೆ ತೆಗೆದುಕೊಂಡು, ಉತ್ತರ ಪ್ರದೇಶಕ್ಕೆ ಮಾತ್ರ ಮಿತಿಗೊಳಿಸಿ ಅದರ ನೋಂದಣಿಗೆ ರಿಜಿಸ್ಟ್ರಾರರು ಕೊಟ್ಟಿದ್ದ ಆಜ್ಞೆಯನ್ನು ಎತ್ತಿಹಿಡಿಯಿತು. ಒಂದು ಪ್ರಾಂತದ ಗಡಿಯನ್ನು ಎಳೆದು ಎರಡು ಹೆಸರುಗಳ ನಡುವೆ ರಾಜಿಮಾಡುವುದು ಅಂದು ಸಾಧ್ಯವಾಗಿತ್ತು ಎಂಬುದನ್ನು ವಾಚಕರು ನೆನಪಿನಲ್ಲಿಡಬೇಕು.

ಇನ್ನೊಂದು ನಿದರ್ಶನ ಕರ್ನಾಟಕದ್ದೇ. ಕರ್ನಾಟಕ ಹಾಲು ಮಹಾಮಂಡಳಿಯು ೧೯೮೫ರಿಂದ ‘ನಂದಿನಿ’ ಎಂಬ ಹೆಸರಿನಲ್ಲಿ ಹಾಲನ್ನೂ ಹಾಲಿನ ಪದಾರ್ಥಗಳನ್ನೂ ಮಾರುತ್ತಿದೆ. ೧೯೮೯ರಿಂದ ಬೆಂಗಳೂರಿನಲ್ಲಿ ‘ನಂಧಿನಿ’ ಎಂದು ಮಹಾಪ್ರಾಣ ಸೂಚಿಸುವ ಇಂಗ್ಲಿಷ್ ಕಾಗುಣಿತದ ಫಲಹಾರ ಮಂದಿರಗಳು ನಡೆಯುತ್ತಿವೆ. ಇವರಿಬ್ಬರ ವ್ಯಾಜ್ಯವು ೨೦೧೮ರ ಜುಲೈ ೨೬ರಂದು ಸರ್ವೋಚ್ಚ ನ್ಯಾಯಾಲಯದಲ್ಲಿ ಇತ್ಯರ್ಥವಾಯಿತು. ನಂದಿನಿ ಎಂಬುದು ಯಾರೂ ಹೊಸದಾಗಿ ಕಟ್ಟಿದ ಪದವಲ್ಲ. ಪುರಾಣದ ದೇವಧೇನುವಿನ ಹೆಸರು. ಎರಡು ಚಿಹ್ನೆಗಳ ರೂಪವೂ ಬೇರೆ, ವ್ಯವಹಾರವೂ ಬೇರೆ. ಆದಕಾರಣ ಹಾಲು ಮತ್ತು ಹಾಲಿನ ಪದಾರ್ಥಗಳನ್ನು ಬಿಟ್ಟು ಉಳಿದುವಕ್ಕೆ ಎರಡನೆಯವರೂ ಆ ಹೆಸರನ್ನು ನೋಂದಾಯಿಸಿಕೊಳ್ಳಬಹುದೆಂದು ತೀರ್ಪಾಯಿತು. ಇಲ್ಲಿಯೂ ನ್ಯಾಯಾಲಯವು ಮಾಡಿದ್ದು ಹೆಸರನ್ನು ಹಂಚಿಕೊಡುವ ಕೆಲಸವೇ. ಮೊದಲನೆಯ ಪ್ರಸಂಗದಲ್ಲಿ ಹಂಚಿಕೆ ನಾಡಿನಿಂದಾಯಿತು, ಎರಡನೆಯದರಲ್ಲಿ ಸರಕಿನಿಂದಾಯಿತು.

೩

ಡೊಮೇನ್ ಹೆಸರನ್ನು ಹೀಗೆ ಹಂಚಲಾಗದು. ಅದು ಮೂಲತಃ ಹೆಸರೇ ಅಲ್ಲ, ವಿಳಾಸ. ಗಣಕಯಂತ್ರಗಳು ಪರಸ್ಪರ ಗುರುತಿಸುವುದು ಅಂಕೆಗಳಿಂದ. ಮನುಷ್ಯರ ನೆನಪಿಗೆ ಅನುಕೂಲವಾಗಲೆಂದು ಆ ಅಂಕೆಗಳ ಮೇಲೆ ಅಕ್ಷರಗಳ ಹೊದಿಕೆಯನ್ನು ಹಾಕಲಾಯಿತು. ಒಂದು ವಿಳಾಸಕ್ಕೆ ಒಬ್ಬನೇ ನಿವಾಸಿ. ಲೋಕದಲ್ಲಿ ನೂರು ನಂದಿನಿಗಳಿದ್ದರೂ ‘.ಕಾಂ’ ವಲಯದಲ್ಲಿ ಆ ಕಾಗುಣಿತದ ವಿಳಾಸ ಒಂದೇ. ಅದನ್ನು ಯಾರಿಗೆ ಕೊಡಬೇಕೆಂಬುದಕ್ಕೆ ಆರಂಭಕಾಲದವರು ಅನುಸರಿಸಿದ ನಿಯಮ ಅತಿ ಸರಳ. ಮೊದಲು ಬಂದವರಿಗೆ ಮೊದಲು. ಬಂದವನು ಯಾರು, ಏಕೆ ಬಂದನು ಎಂದು ನೋಂದಣಿಕಾರರು ವಿಚಾರಿಸುತ್ತಿರಲಿಲ್ಲ.

ವಿದ್ವಾಂಸರೂ ಸಂಶೋಧಕರೂ ಮಾತ್ರ ಇದ್ದ ಕಾಲಕ್ಕೆ ಈ ನಿಯಮ ಸಾಕಾಗಿತ್ತು. ವ್ಯಾಪಾರಿಗಳು ಬಂದ ಮೇಲೆ ಅದರ ದೌರ್ಬಲ್ಯ ಕಾಣಿಸಿತು. ಪರರ ಪ್ರಸಿದ್ಧ ಹೆಸರುಗಳನ್ನು ಮುಂಚೆಯೇ ನೋಂದಾಯಿಸಿಟ್ಟು, ಆಮೇಲೆ ಅವರಿಗೇ ಮಾರುವ ಒಂದು ಕಸುಬು ಹುಟ್ಟಿಕೊಂಡಿತು. ಅಮೆರಿಕದಲ್ಲಿ ಟೆಪ್ಪನ್ ಎಂಬಾತನು ಚಲಚ್ಚಿತ್ರ ಕ್ಯಾಮೆರಾಗಳಿಗೆ ಹೆಸರಾದ ಪ್ಯಾನವಿಷನ್ ಸಂಸ್ಥೆಯ ಹೆಸರನ್ನು ನೋಂದಾಯಿಸಿ, ಆ ತಾಣದಲ್ಲಿ ಇಲಿನಾಯ್ ಪ್ರಾಂತದ ಪಾನಾ ಎಂಬ ಊರಿನ ಚಿತ್ರಗಳನ್ನು ಹಾಕಿ, ಹೆಸರನ್ನು ಬಿಟ್ಟುಕೊಡಲು ೧೩,೦೦೦ ಡಾಲರ್ ಕೇಳಿದನು. ಊರಿನ ಚಿತ್ರಗಳು ನೆಪಮಾತ್ರವೆಂದು ಯಾರಿಗಾದರೂ ತಿಳಿಯುವಂತಿತ್ತು. ೧೯೯೮ರಲ್ಲಿ ಅಲ್ಲಿಯ ಒಂಬತ್ತನೆಯ ವಲಯದ ಮೇಲ್ಮನವಿ ನ್ಯಾಯಾಲಯವು ಆತನ ವಿರುದ್ಧವಾಗಿಯೇ ತೀರ್ಪಿತ್ತಿತು.

ಇತ್ತ ನೋಂದಣಿಯ ಹೊಣೆ ಹೊತ್ತಿದ್ದ ನೆಟ್‌ವರ್ಕ್ ಸೊಲ್ಯೂಷನ್ಸ್ ಸಂಸ್ಥೆಯು ೧೯೯೫ರಲ್ಲಿ ಇನ್ನೊಂದು ಅತಿಗೆ ಹೋಯಿತು. ವಿಳಾಸಕ್ಕೆ ಸರಿಹೊಂದುವ ಚಿಹ್ನೆಯ ನೋಂದಣಿಪತ್ರವನ್ನು ಯಾರಾದರೂ ಮುಂದಿಟ್ಟರೆ, ವಿಳಾಸದಾರನು ತನ್ನದೂ ಹಕ್ಕೆಂದು ತೋರಿಸದ ಹೊರತು ಅವನ ವಿಳಾಸವನ್ನು ತಡೆಹಿಡಿಯುವ ಪದ್ಧತಿಯನ್ನು ಅದು ತಂದಿತು. ಚಿಹ್ನೆ ಯಾವ ಸರಕಿನದು, ಯಾವ ನಾಡಿನದು, ಮೋಸಹೋದವರು ಯಾರಾದರೂ ಇರುವರೇ ಎಂಬ ಹಳೆಯ ಪ್ರಶ್ನೆಗಳು ಇಲ್ಲಿ ಬಿಟ್ಟುಹೋದುವು. ಎಲ್ಲೆಯುಳ್ಳ ಸ್ವಾಮ್ಯಕ್ಕೆ ಎಲ್ಲೆಯಿಲ್ಲದ ಬಲ ಬಂದುದು ಹೀಗೆ. ಈ ಕ್ಷೇತ್ರದ ಅನೇಕ ಅನ್ಯಾಯಗಳ ಬೀಜ ಇದೇ ಎಂದು ನಮ್ಮ ಅಭಿಪ್ರಾಯ.

೧೯೯೮ರಲ್ಲಿ ಸ್ಥಾಪಿತವಾದ ಐಕ್ಯಾನ್ ಸಂಸ್ಥೆಯು, ವಿಶ್ವ ಬೌದ್ಧಿಕ ಸ್ವತ್ತು ಸಂಸ್ಥೆಯ (ವೈಪೊ) ೧೯೯೯ರ ವರದಿಯ ಆಧಾರದ ಮೇಲೆ, ಅದೇ ವರ್ಷ ಒಂದು ಏಕರೂಪ ವ್ಯಾಜ್ಯಪರಿಹಾರ ನೀತಿಯನ್ನು ಅಂಗೀಕರಿಸಿತು. ಅದರ ಪ್ರಕಾರ ದೂರುದಾರನು ಮೂರು ಸಂಗತಿಗಳನ್ನು ಸಾಧಿಸಬೇಕು. ವಿಳಾಸವು ತನ್ನ ಚಿಹ್ನೆಯೊಡನೆ ಒಂದೇ ಆಗಿರಬೇಕು ಅಥವಾ ಭ್ರಮೆ ಹುಟ್ಟಿಸುವಷ್ಟು ಹೋಲಬೇಕು. ವಿಳಾಸದಾರನಿಗೆ ಆ ಹೆಸರಿನಲ್ಲಿ ನ್ಯಾಯವಾದ ಹಿತವೇನೂ ಇರಬಾರದು. ವಿಳಾಸವನ್ನು ಅವನು ದುರುದ್ದೇಶದಿಂದ ನೋಂದಾಯಿಸಿರಬೇಕು ಮತ್ತು ದುರುದ್ದೇಶದಿಂದ ಬಳಸುತ್ತಿರಬೇಕು. ಈ ಮೂರೂ ಕೂಡಿದಲ್ಲಿ ಮಾತ್ರ ಹೆಸರು ಕೈಬದಲಾಗುತ್ತದೆ. ನೀತಿಯ ರಚನೆಯಲ್ಲಿ ವಿವೇಕವಿದೆ ಎಂಬುದನ್ನು ಒಪ್ಪಲೇಬೇಕು.

ಇದರ ಅಡಿಯಲ್ಲಿ ೨೦೦೦ದ ಜನವರಿಯಲ್ಲಿ ಮೊದಲು ತೀರ್ಮಾನವಾದ ವ್ಯಾಜ್ಯವು ವರ್ಲ್ಡ್ ರೆಸ್ಲಿಂಗ್ ಫೆಡರೇಷನ್ ಎಂಬ ಕುಸ್ತಿಸಂಸ್ಥೆಯದು. ಅದರ ಹೆಸರನ್ನು ನೋಂದಾಯಿಸಿದವನು ಮೂರೇ ದಿನಗಳಲ್ಲಿ ಅದನ್ನು ೧,೦೦೦ ಡಾಲರಿಗೆ ಮಾರಲು ಮುಂದಾಗಿದ್ದನು. ಹೆಸರು ಕುಸ್ತಿಸಂಸ್ಥೆಗೆ ಸಂದಿತು, ಅದು ಸರಿಯೇ. ಆದರೆ ಇತಿಹಾಸದ ವಿಡಂಬನೆಯನ್ನು ನೋಡಿರಿ. ಅದೇ ಸಂಸ್ಥೆಯು ತನ್ನ ಮೂರು ಮೊದಲಕ್ಷರಗಳ ವಿಷಯದಲ್ಲಿ, ೧೯೬೧ರಲ್ಲಿ ಸ್ಥಾಪಿತವಾದ ವನ್ಯಜೀವಿ ರಕ್ಷಣೆಯ ನಿಧಿಯೊಡನೆ ೧೯೯೪ರಲ್ಲಿ ಒಂದು ಒಡಂಬಡಿಕೆ ಮಾಡಿಕೊಂಡಿತ್ತು. ಆ ಅಕ್ಷರಗಳನ್ನು ಯಾರು ಎಲ್ಲಿ ಎಷ್ಟರಮಟ್ಟಿಗೆ ಬಳಸಬಹುದೆಂದು ಅದರಲ್ಲಿ ಗೊತ್ತುಮಾಡಲಾಗಿತ್ತು. ಕುಸ್ತಿಸಂಸ್ಥೆಯು ಆ ಅಕ್ಷರಗಳಲ್ಲಿಯೇ ಜಾಲತಾಣವನ್ನು ತೆರೆದುದೂ ಸೇರಿದಂತೆ ಒಡಂಬಡಿಕೆಯನ್ನು ಮೀರಿತೆಂದು ಇಂಗ್ಲೆಂಡಿನಲ್ಲಿ ಮೊಕದ್ದಮೆಯಾಗಿ, ೨೦೦೧ರಲ್ಲಿಯೂ ಮೇಲ್ಮನವಿಯ ಮೇಲೆ ೨೦೦೨ರಲ್ಲಿಯೂ ನಿಧಿಗೇ ಜಯವಾಯಿತು. ೨೦೦೨ರ ಮೇ ತಿಂಗಳಲ್ಲಿ ಕುಸ್ತಿಸಂಸ್ಥೆಯೇ ಹೆಸರು ಬದಲಿಸಿಕೊಂಡಿತು. ಗಡಿಹಾಕಿಕೊಂಡು ಬಾಳುತ್ತಿದ್ದ ಇಬ್ಬರ ನಡುವಣ ಗೋಡೆಯು, ಎಲ್ಲ ದೇಶಗಳಿಗೂ ಒಂದೇ ಸಲ ತೆರೆದುಕೊಳ್ಳುವ ಜಾಲತಾಣದ ಮುಂದೆ ನಿಲ್ಲದಾಯಿತು.

೪

ನಮ್ಮ ದೇಶದಲ್ಲಿ ಈ ವಿಷಯದ ಆಧಾರತೀರ್ಪು ಹುಟ್ಟಿದುದು ಬೆಂಗಳೂರಿನ ವ್ಯಾಜ್ಯವೊಂದರಿಂದ. ೧೯೯೯ರಲ್ಲಿಯೇ ದೆಹಲಿ ಉಚ್ಚ ನ್ಯಾಯಾಲಯವು ‘ಯಾಹೂಇಂಡಿಯಾ’ ಎಂಬ ವಿಳಾಸದ ವಿಷಯದಲ್ಲಿಯೂ, ಮುಂಬಯಿ ಉಚ್ಚ ನ್ಯಾಯಾಲಯವು ‘ರೆಡಿಫ್’ ಎಂಬುದನ್ನು ಹೋಲುವ ‘ರಾಡಿಫ್’ ಎಂಬ ವಿಳಾಸದ ವಿಷಯದಲ್ಲಿಯೂ ತಡೆಯಾಜ್ಞೆಗಳನ್ನು ಕೊಟ್ಟಿದ್ದುವು. ಆದರೆ ಸರ್ವೋಚ್ಚ ನ್ಯಾಯಾಲಯವು ಪ್ರಶ್ನೆಯನ್ನು ಸಾಂಗವಾಗಿ ವಿಚಾರಿಸಿದುದು ೨೦೦೪ರ ಮೇ ೬ರಂದು, ಸತ್ಯಂ ಇನ್ಫೋವೇ ಸಂಸ್ಥೆ ಮತ್ತು ಸಿಫಿನೆಟ್ ಸೊಲ್ಯೂಷನ್ಸ್ ಸಂಸ್ಥೆಗಳ ನಡುವಣ ವ್ಯಾಜ್ಯದಲ್ಲಿ. ತೀರ್ಪನ್ನು ಬರೆದವರು ನ್ಯಾಯಮೂರ್ತಿ ರೂಮಾ ಪಾಲ್.

ಸಂಗತಿಗಳು ಇಷ್ಟು. ಸತ್ಯಂ ಇನ್ಫೋವೇ ಸಂಸ್ಥೆಯು ತನ್ನ ಹೆಸರಿನ ತುಣುಕುಗಳನ್ನು ಕೂಡಿಸಿ ‘ಸಿಫಿ’ ಎಂಬ ಪದವನ್ನು ಕಟ್ಟಿ, ೧೯೯೯ರಲ್ಲಿ ಆ ಪದವುಳ್ಳ ಅನೇಕ ವಿಳಾಸಗಳನ್ನು ಪಡೆದಿತ್ತು. ಪ್ರತಿವಾದಿ ಸಂಸ್ಥೆಯು ೨೦೦೧ ಮತ್ತು ೨೦೦೨ರಲ್ಲಿ ‘ಫ’ಕಾರವನ್ನು ಇಮ್ಮಡಿಸಿ ‘ಸಿಫ್ಫಿನೆಟ್’ ಎಂಬ ವಿಳಾಸಗಳನ್ನು ಪಡೆಯಿತು. ಬೆಂಗಳೂರಿನ ನಗರ ಸಿವಿಲ್ ನ್ಯಾಯಾಲಯವು ತಡೆಯಾಜ್ಞೆ ಕೊಟ್ಟಿತು. ಕರ್ನಾಟಕದ ಉಚ್ಚ ನ್ಯಾಯಾಲಯವು ಅದನ್ನು ತೆಗೆದುಹಾಕಿತು. ಸರ್ವೋಚ್ಚ ನ್ಯಾಯಾಲಯವು ಮತ್ತೆ ಅದನ್ನು ನೆಲೆಗೊಳಿಸಿತು.

ಉಚ್ಚ ನ್ಯಾಯಾಲಯದ ವಾದದಲ್ಲಿ ಹುರುಳಿಲ್ಲದೆ ಇಲ್ಲ. ಎರಡು ಸಂಸ್ಥೆಗಳ ವ್ಯವಹಾರ ಬೇರೆಬೇರೆ. ಪ್ರತಿವಾದಿಯು ಹಣ ಹೂಡಿ ಸದಸ್ಯರನ್ನು ಕೂಡಿಸಿಕೊಂಡಿದೆ. ವಾದಿಗಾದರೋ ‘ಸತ್ಯಂ’ ಎಂಬ ಇನ್ನೊಂದು ಹೆಸರಿನ ಆಸರೆಯೂ ಇದೆ. ಆದಕಾರಣ ತಡೆಯಾಜ್ಞೆಯಿಂದ ಹೆಚ್ಚು ನಷ್ಟವಾಗುವುದು ಪ್ರತಿವಾದಿಗೆ. ವ್ಯವಹಾರ ಬೇರೆಯಾದರೆ ಹೆಸರು ಒಂದಿರಬಹುದೆಂಬುದು ಚಿಹ್ನೆಗಳ ಹಳೆಯ ವಿವೇಕವೇ. ಮುಂದೆ ನಂದಿನಿಯ ತೀರ್ಪಿನಲ್ಲಿ ಅದೇ ವಿವೇಕ ಮನ್ನಣೆ ಪಡೆಯಿತು. ಹಾಗಾದರೆ ಅದು ಇಲ್ಲಿ ಏಕೆ ಸಲ್ಲಲಿಲ್ಲ?

ಸರ್ವೋಚ್ಚ ನ್ಯಾಯಾಲಯವು ಇದಕ್ಕೆ ಎರಡು ಬಗೆಯ ಉತ್ತರಗಳನ್ನು ಕೊಟ್ಟಿದೆ. ಮೊದಲನೆಯದು ತಾತ್ತ್ವಿಕವಾದುದು. ಡೊಮೇನ್ ಹೆಸರು ಇಂದು ಬರಿಯ ವಿಳಾಸವಾಗಿ ಉಳಿದಿಲ್ಲ, ವ್ಯಾಪಾರವನ್ನು ಗುರುತಿಸುವ ಹೆಸರಾಗಿದೆ. ಭಾರತದಲ್ಲಿ ಡೊಮೇನ್ ಹೆಸರುಗಳಿಗೆಂದೇ ಪ್ರತ್ಯೇಕ ಶಾಸನವಿಲ್ಲದಿದ್ದರೂ, ತನ್ನ ಸರಕನ್ನು ಅಥವಾ ಸೇವೆಯನ್ನು ಇನ್ನೊಬ್ಬರದೆಂದು ನಂಬಿಸಿ ಮಾರುವುದನ್ನು ತಡೆಯುವ ‘ಪಾಸಿಂಗ್ ಆಫ್’ ಎಂಬ ನ್ಯಾಯತತ್ತ್ವದ ರಕ್ಷಣೆ ಅವುಗಳಿಗೆ ಸಲ್ಲುತ್ತದೆ. ಚಿಹ್ನೆಯ ರಕ್ಷಣೆ ದೇಶದ ಗಡಿಯೊಳಗಿನದು, ವಿಳಾಸವೋ ಎಲ್ಲ ದೇಶಗಳಿಗೂ ಎಟುಕುವುದು ಎಂಬ ಭೇದವನ್ನೂ ತೀರ್ಪು ಸ್ಪಷ್ಟವಾಗಿ ಗುರುತಿಸಿದೆ. ಎರಡನೆಯದು ಐತಿಹಾಸಿಕವಾದುದು, ನಮ್ಮ ದೃಷ್ಟಿಯಲ್ಲಿ ಹೆಚ್ಚು ಮುಖ್ಯವಾದುದು. ಸಿಫ್ಫಿ ಎಂಬುದು ತಮ್ಮ ಐವರು ಪ್ರವರ್ತಕರ ಹೆಸರುಗಳ ಮೊದಲಕ್ಷರಗಳಿಂದ ಆದುದೆಂದು ಪ್ರತಿವಾದಿಯು ವಿವರಣೆ ಕೊಟ್ಟಿತ್ತು. ನ್ಯಾಯಾಲಯವು ಈ ವಿವರಣೆಯನ್ನು ನಂಬಲಿಲ್ಲ. ಹೆಸರು ಮೊದಲು ಆಯ್ಕೆಯಾಯಿತು, ಸಮರ್ಥನೆ ಅನಂತರ ಹುಟ್ಟಿತು ಎಂದು ಅದು ನಿರ್ಣಯಿಸಿತು. ವಾದಿಯು ಆ ಹೆಸರಿನಲ್ಲಿ ಮೊದಲೇ ಗಳಿಸಿದ್ದ ಕೀರ್ತಿಯನ್ನು ದಾಖಲೆಗಳಿಂದ ಪರಿಶೀಲಿಸಿತು. ಎರಡು ಸಂಸ್ಥೆಗಳ ಕಾರ್ಯಕ್ಷೇತ್ರಗಳೂ ಒಂದರೊಳಗೊಂದು ಸೇರುತ್ತವೆಂದು ಪ್ರತಿವಾದಿಯ ಪ್ರಚಾರಪತ್ರದಿಂದಲೇ ತೋರಿಸಿತು.

ಇತಿಹಾಸದ ವಿದ್ಯಾರ್ಥಿಗೆ ಈ ವಿಧಾನವು ಪರಿಚಿತವಾದುದು. ಕರ್ನಾಟಕದ ಶಾಸನಾಧ್ಯಯನದ ಆರಂಭಕಾಲದಲ್ಲಿ ಗಂಗರ ತಾಮ್ರಪಟಗಳನ್ನು ಕುರಿತು ಫ್ಲೀಟ್ ಮತ್ತು ರೈಸ್ ಅವರ ನಡುವೆ ನಡೆದ ವಾದವನ್ನು ನಾವೆಲ್ಲರೂ ಬಲ್ಲೆವು. ಪಟದಲ್ಲಿ ಬರೆದಿರುವ ಕಾಲಕ್ಕೂ ಲಿಪಿಯ ಕಾಲಕ್ಕೂ ತಾಳೆಯಾಗದಿದ್ದಲ್ಲಿ ಅದನ್ನು ಕೂಟಶಾಸನವೆಂದು ಶಂಕಿಸುವುದು ವಿದ್ವಾಂಸರ ಕ್ರಮ. ಹಕ್ಕನ್ನು ಮೊದಲು ಹಿಡಿದು, ಅದಕ್ಕೆ ವಂಶಾವಳಿಯನ್ನು ಆಮೇಲೆ ಹೊಂದಿಸುವುದು ಹೊಸ ಉಪಾಯವೇನಲ್ಲ. ಐದು ಮೊದಲಕ್ಷರಗಳ ವಿವರಣೆಯನ್ನು ನ್ಯಾಯಾಲಯವು ಪರೀಕ್ಷಿಸಿದ್ದು ಈ ಕ್ರಮದಲ್ಲಿಯೇ. ಫಲವು ನ್ಯಾಯವಾಗಿದೆ, ಫಲಕ್ಕಿಂತಲೂ ವಿಧಾನವು ಅನುಕರಣೀಯವಾಗಿದೆ.

ಆದರೂ ಈ ತೀರ್ಪಿನಲ್ಲಿ ಒಂದು ಕೊರತೆಯನ್ನು ಹೇಳಬೇಕಾಗಿದೆ. ‘ಸಿಫಿ’ ಎಂಬುದು ಕಟ್ಟಿದ ಪದ. ಇನ್ನೊಬ್ಬನಿಗೆ ಅದು ತಾನಾಗಿಯೇ ಹೊಳೆಯುವುದು ಅಪರೂಪ. ನಂದಿನಿಯೋ ಪರಂಪರೆಯ ಪದ. ಯಾರ ಬಾಯಿಗಾದರೂ ಬರುವಂಥದು. ಈ ಭೇದವೇ ಎರಡು ತೀರ್ಪುಗಳನ್ನು ಬೇರ್ಪಡಿಸುವ ಗೆರೆ ಎಂದು ನಾವು ತಿಳಿಯುತ್ತೇವೆ. ೨೦೦೪ರ ತೀರ್ಪು ಇದನ್ನು ಒಂದು ನಿಯಮವಾಗಿ ಬಿಡಿಸಿ ಹೇಳಲಿಲ್ಲ. ಎದುರಿಗಿದ್ದ ವ್ಯಾಜ್ಯಕ್ಕೆ ಅದು ಬೇಕಾಗಿಯೂ ಇರಲಿಲ್ಲ. ಆದಕಾರಣ ಡೊಮೇನ್ ಹೆಸರಿಗೆ ಚಿಹ್ನೆಯ ರಕ್ಷಣೆ ಉಂಟು ಎಂಬ ಅರ್ಧವನ್ನು ಉದ್ಧರಿಸಿ, ಹೆಸರಿನ ಹುಟ್ಟನ್ನು ಪರೀಕ್ಷಿಸಿದ ಇನ್ನರ್ಧವನ್ನು ಬಿಟ್ಟುಬಿಡುವ ಅಪಾಯವುಂಟು. ಇಬ್ಬರೂ ಪ್ರಾಮಾಣಿಕರಾದಾಗ ಏನು ಮಾಡಬೇಕೆಂಬ ಪ್ರಶ್ನೆಗೆ ಆ ತೀರ್ಪಿನಲ್ಲಿ ನೇರವಾದ ಉತ್ತರವಿಲ್ಲ.

೫

ಆ ಪ್ರಶ್ನೆಯನ್ನು ಮುಖಾಮುಖಿಯಾಗಿ ಎದುರಿಸಿದ ವ್ಯಾಜ್ಯವು ಅಮೆರಿಕದ್ದು. ಜೆರುಸಲೇಮಿನಲ್ಲಿ ಹುಟ್ಟಿ ಉತ್ತರ ಕೆರೊಲಿನಾದಲ್ಲಿ ನೆಲಸಿದ ಊಜಿ ನಿಸ್ಸಾನ್ ಎಂಬವರು ೧೯೮೦ರಲ್ಲಿಯೇ ತಮ್ಮ ಮನೆತನದ ಹೆಸರಿನಲ್ಲಿ ವಿದೇಶೀ ಕಾರುಗಳ ರಿಪೇರಿ ಅಂಗಡಿಯನ್ನೂ, ೧೯೯೧ರಲ್ಲಿ ಕಂಪ್ಯೂಟರ್ ವ್ಯಾಪಾರವನ್ನೂ ಆರಂಭಿಸಿದರು. ೧೯೯೪ರಲ್ಲಿ ನಿಸ್ಸಾನ್.ಕಾಂ ಎಂಬ ವಿಳಾಸವನ್ನು ಪಡೆದರು. ಜಪಾನಿನ ನಿಸ್ಸಾನ್ ಮೋಟಾರ್ ಸಂಸ್ಥೆಯು ಅಮೆರಿಕದಲ್ಲಿ ೧೯೮೦ರ ದಶಕದ ಆರಂಭದವರೆಗೆ ತನ್ನ ಕಾರುಗಳನ್ನು ಮಾರುತ್ತಿದ್ದುದು ಬಹುಮಟ್ಟಿಗೆ ‘ಡಾಟ್ಸನ್’ ಎಂಬ ಹೆಸರಿನಲ್ಲಿ. ಎರಡು ಹೆಸರುಗಳ ಹುಟ್ಟೂ ಬೇರೆ. ಒಂದು ಹೀಬ್ರೂ ಪಂಚಾಂಗದ ಮಾಸದ ಹೆಸರು. ಇನ್ನೊಂದು ‘ನಿಹೋನ್ ಸಾಂಗ್ಯೊ’ ಎಂಬ ಜಪಾನೀ ಹೆಸರಿನ ಸಂಕ್ಷೇಪ. ಒಬ್ಬರು ಇನ್ನೊಬ್ಬರಿಂದ ಕದ್ದರೆನ್ನುವಂತಿರಲಿಲ್ಲ.

೧೯೯೯ರ ಡಿಸೆಂಬರಿನಲ್ಲಿ ಮೋಟಾರ್ ಸಂಸ್ಥೆಯು ಮೊಕದ್ದಮೆ ಹೂಡಿ ೧ ಕೋಟಿ ಡಾಲರ್ ಪರಿಹಾರ ಕೇಳಿತು. ಊಜಿ ನಿಸ್ಸಾನ್ ಅವರೂ ಸಂಪೂರ್ಣ ನಿರ್ದೋಷಿಗಳಲ್ಲ. ಆ ವರ್ಷ ಅವರ ತಾಣದಲ್ಲಿ ಕಾರುಗಳ ಜಾಹೀರಾತುಗಳು ಕಾಣಿಸಿಕೊಂಡಿದ್ದುವು. ಅಷ್ಟರಮಟ್ಟಿಗೆ ತಪ್ಪೆಂದು ನ್ಯಾಯಾಲಯಗಳು ಹೇಳಿದುವು. ಆದರೆ ೨೦೦೪ರಲ್ಲಿ ಒಂಬತ್ತನೆಯ ವಲಯದ ಮೇಲ್ಮನವಿ ನ್ಯಾಯಾಲಯವು ಎರಡು ಮುಖ್ಯ ಮಾತುಗಳನ್ನಾಡಿತು. ತನ್ನ ತಾಣದಲ್ಲಿ ಮೋಟಾರ್ ಸಂಸ್ಥೆಯನ್ನು ಟೀಕಿಸಬಾರದೆಂಬ ನಿರ್ಬಂಧವು ವಾಕ್‌ಸ್ವಾತಂತ್ರ್ಯಕ್ಕೆ ವಿರುದ್ಧವೆಂಬುದು ಒಂದು. ಪ್ರಸಿದ್ಧ ಚಿಹ್ನೆಯ ತೇಜಸ್ಸು ಕುಂದಿತೆಂಬ ವಾದವು ನಿಲ್ಲಬೇಕಾದರೆ, ಚಿಹ್ನೆಯು ಇಂದು ಪ್ರಸಿದ್ಧವಾಗಿದ್ದರೆ ಸಾಲದು, ಎದುರು ಪಕ್ಷದವನು ಆ ಹೆಸರನ್ನು ವ್ಯಾಪಾರದಲ್ಲಿ ಮೊದಲು ಬಳಸುವುದಕ್ಕೆ ಮುನ್ನವೇ ಪ್ರಸಿದ್ಧವಾಗಿತ್ತೆಂದು ತೋರಿಸಬೇಕೆಂಬುದು ಇನ್ನೊಂದು. ಆ ‘ಮೊದಲು’ ಎಂದರೆ ವಿಳಾಸ ಪಡೆದ ೧೯೯೪ ಅಲ್ಲ, ಕಂಪ್ಯೂಟರ್ ಸಂಸ್ಥೆ ಹುಟ್ಟಿದ ೧೯೯೧ ಎಂದೂ ಅದು ಗೊತ್ತುಪಡಿಸಿತು. ಕಾಲನಿರ್ಣಯದ ಮೂರು ವರ್ಷಗಳ ಅಂತರವು ಒಬ್ಬ ಸಣ್ಣ ವ್ಯಾಪಾರಿಗೆ ಕವಚವಾಯಿತು. ವಿಳಾಸವು ಅವರಲ್ಲಿಯೇ ಉಳಿಯಿತು. ಆದರೆ ವ್ಯಾಜ್ಯವು ಹಲವು ವರ್ಷ ಎಳೆದು ಅವರ ಆಯುಸ್ಸಿನ ಒಂದು ಭಾಗವನ್ನೂ ಹಣವನ್ನೂ ನುಂಗಿತು. ಅವರು ೨೦೨೦ರಲ್ಲಿ ತೀರಿಕೊಂಡರು. ಗೆದ್ದವನಿಗೂ ಇಷ್ಟು ಬೆಲೆಯಾದಲ್ಲಿ, ಹೋರಾಡಲು ಶಕ್ತಿಯಿಲ್ಲದೆ ಮೊದಲ ನೋಟೀಸಿಗೇ ಹೆಸರನ್ನು ಬಿಟ್ಟುಕೊಟ್ಟವರ ಕಥೆ ಯಾವ ತೀರ್ಪಿನಲ್ಲಿಯೂ ದಾಖಲಾಗುವುದಿಲ್ಲ ಎಂಬುದನ್ನು ಚರಿತ್ರಕಾರನು ಮರೆಯಬಾರದು.

ಐಕ್ಯಾನ್ ನೀತಿಯ ಪಂಚರ ಮುಂದೆಯೂ ಇಂಥ ಪ್ರಶ್ನೆಗಳು ಬಂದಿವೆ. ೨೦೦೦ದಲ್ಲಿ ‘ಸ್ಟಿಂಗ್’ ಎಂಬ ಹೆಸರಿನ ಪ್ರಸಿದ್ಧ ಗಾಯಕನು ಆ ವಿಳಾಸವನ್ನು ಕೇಳಿದಾಗ, ಅದು ಇಂಗ್ಲಿಷಿನ ಸಾಮಾನ್ಯ ಪದವೆಂಬುದನ್ನು ಗಮನಿಸಿ ಪಂಚರು ಕೊಡಲು ಒಪ್ಪಲಿಲ್ಲ. ಆದರೆ ಅದೇ ವರ್ಷ ಬಾರ್ಸಿಲೋನಾ.ಕಾಂ ಎಂಬ ವಿಳಾಸವನ್ನು, ಅದನ್ನು ಮೊದಲು ಪಡೆದವರಿಂದ ತೆಗೆದು ಆ ನಗರದ ಪೌರಸಭೆಗೆ ಕೊಡಬೇಕೆಂದು ವೈಪೊ ನೇಮಿಸಿದ ಪಂಚರು ತೀರ್ಮಾನಿಸಿದರು. ಪೌರಸಭೆಯ ಬಳಿ ‘ಬಾರ್ಸಿಲೋನಾ’ ಎಂಬ ಪದ ಸೇರಿದ ಅನೇಕ ಸ್ಪೇನ್ ದೇಶದ ಚಿಹ್ನೆಗಳಿದ್ದುವು. ೨೦೦೩ರಲ್ಲಿ ಅಮೆರಿಕದ ನಾಲ್ಕನೆಯ ವಲಯದ ಮೇಲ್ಮನವಿ ನ್ಯಾಯಾಲಯವು ಇದನ್ನು ತಿರುಗಿಸಿತು. ಊರಿನ ಬರಿಯ ಹೆಸರು ಅಮೆರಿಕದ ಕಾನೂನಿನಲ್ಲಿ ಯಾರೊಬ್ಬರ ಚಿಹ್ನೆಯೂ ಅಲ್ಲವೆಂದು ಅದು 
ಹೇಳಿತು. ಪಂಚರ ಮುಂದೆ ಸೋತವನು ನ್ಯಾಯಾಲಯದಲ್ಲಿ ಗೆದ್ದನು. ಏಕೆಂದರೆ ಅವನಿಗೆ ಅಲ್ಲಿಯವರೆಗೆ ಹೋಗುವ ಶಕ್ತಿಯಿತ್ತು.

ಇಲ್ಲಿ ಪಂಚಾಯ್ತಿಯ ಕ್ರಮವನ್ನು ಕುರಿತು ಎರಡು ಮಾತು ಅಗತ್ಯ. ಅದರ ವೇಗವೂ ಅಗ್ಗವೂ ಹೆಸರುಗಳ್ಳರನ್ನು ಹಿಡಿಯುವುದಕ್ಕೆ ಒಳ್ಳೆಯ ಸಾಧನ. ೨೦೨೩ರಲ್ಲಿ ವೈಪೊ ಸಂಸ್ಥೆಯೊಂದಕ್ಕೇ ೬,೦೦೦ಕ್ಕೂ ಹೆಚ್ಚು ದೂರುಗಳು ಬಂದುವು. ಆದರೆ ಪಂಚರನ್ನು ಒದಗಿಸುವ ಸಂಸ್ಥೆಯನ್ನು ಆರಿಸುವವನು ದೂರುದಾರ. ಉತ್ತರ ಕೊಡಲು ವಿಳಾಸದಾರನಿಗಿರುವ ಅವಧಿ ೨೦ ದಿನ. ಸೋತರೆ ೧೦ ಕೆಲಸದ ದಿನಗಳೊಳಗೆ ನ್ಯಾಯಾಲಯದ ಮೆಟ್ಟಿಲೇರದಿದ್ದಲ್ಲಿ ಹೆಸರು ಕೈತಪ್ಪುತ್ತದೆ. ಸಾಕ್ಷಿಗಳ ಪಾಟೀಸವಾಲಿಲ್ಲ. ಹೆಸರಿನ ಇತಿಹಾಸವನ್ನು ವಿಚಾರಿಸಲು ಈ ಕ್ರಮದಲ್ಲಿ ವ್ಯವಧಾನವಿಲ್ಲ. ಕಳ್ಳನನ್ನು ಹಿಡಿಯಲು ಮಾಡಿದ ಬಲೆಯಿಂದ ಇಬ್ಬರು ಸಜ್ಜನರ ಪಾಲುಪಾರಿಕತ್ತನ್ನು ನಡೆಸಬಾರದು.

ಇನ್ನೊಂದು ಮಾತು ಒಂದು ಸಣ್ಣ ಅವ್ಯಯವನ್ನು ಕುರಿತದ್ದು. ಅಂತರರಾಷ್ಟ್ರೀಯ ನೀತಿಯು ‘ದುರುದ್ದೇಶದಿಂದ ನೋಂದಾಯಿಸಿ ಮತ್ತು ಬಳಸಿ’ ಎನ್ನುತ್ತದೆ. ಬಳಕೆ ಎಂಬ ಅಂಗವನ್ನು ಪಂಚರು ೨೦೦೦ದ ಟೆಲ್‌ಸ್ಟ್ರಾ ವ್ಯಾಜ್ಯದಲ್ಲಿಯೇ ಸಡಿಲಿಸಿ, ಸಂದರ್ಭಾನುಸಾರ ಹೆಸರನ್ನು ಸುಮ್ಮನೆ ಹಿಡಿದುಕೊಂಡಿರುವುದೂ ಬಳಕೆಯೇ ಎಂದರು. ಆದರೂ ನೋಂದಣಿಯ ಕಾಲದ ಉದ್ದೇಶವನ್ನು ವಿಚಾರಿಸಬೇಕೆಂಬ ಅಂಗವು ಬಹುಮಟ್ಟಿಗೆ ಉಳಿದುಕೊಂಡಿದೆ. ನಮ್ಮ ದೇಶದ ‘.ಇನ್’ ವಲಯಕ್ಕೆ ನಿಕ್ಸಿ ಸಂಸ್ಥೆಯು ೨೦೦೫ರಲ್ಲಿ ತಂದ ನೀತಿಯಾದರೋ ‘ನೋಂದಾಯಿಸಿ ಅಥವಾ ಬಳಸಿ’ ಎನ್ನುತ್ತದೆ. ಇದರಿಂದ, ಪ್ರಾಮಾಣಿಕವಾಗಿ ಪಡೆದ ಹೆಸರನ್ನೂ ಅನಂತರದ ಬಳಕೆಯೊಂದನ್ನೇ ಮುಂದುಮಾಡಿ ಕೇಳಲು ದಾರಿಯಾಗುತ್ತದೆ. ಆಮೇಲೆ ಕೆಟ್ಟವನಾದವನನ್ನು ಹಿಡಿಯಲು ಇದು ಅನುಕೂಲವೆಂದು ಸಮರ್ಥಿಸಬಹುದು. ಆದರೆ ದುರ್ಬಳಕೆಯನ್ನು ತಡೆಯುವುದು ಬೇರೆ, ಹೆಸರನ್ನೇ ಕಿತ್ತುಕೊಳ್ಳುವುದು ಬೇರೆ. ನಿಸ್ಸಾನ್ ವ್ಯಾಜ್ಯದಲ್ಲಿ ನ್ಯಾಯಾಲಯವು ಕಾರುಗಳ ಜಾಹೀರಾತನ್ನು ತಡೆದು ಹೆಸರನ್ನು ಉಳಿಸಿತು. ಪಂಚರಿಗಾದರೋ ಹೆಸರನ್ನು ರದ್ದುಮಾಡುವ ಅಥವಾ ವರ್ಗಾಯಿಸುವ ಅಧಿಕಾರವಷ್ಟೇ ಇದೆ, ಬಳಕೆಯನ್ನು ತಿದ್ದುವ ಅಧಿಕಾರವಿಲ್ಲ. ಇಂಥ ಮೊಂಡು ಆಯುಧವುಳ್ಳವರಿಗೆ ‘ಮತ್ತು’ ಎಂಬ ಕಟ್ಟೇ ಯೋಗ್ಯವೆಂದು ನಾವು ತಿಳಿಯುತ್ತೇವೆ.

೬

ಮೇಲಿನ ವಿವೇಚನೆಯಿಂದ ನಾವು ಬರುವ ನಿರ್ಣಯಗಳನ್ನು ಸಂಗ್ರಹವಾಗಿ ಹೇಳಬಹುದು. ಕಟ್ಟಿದ ಪದವನ್ನು ಅನುಕರಿಸಿದವನಿಗೂ, ಮಾರುವುದಕ್ಕಾಗಿಯೇ ಪರರ ಹೆಸರನ್ನು ಹಿಡಿದವನಿಗೂ ರಕ್ಷಣೆ ಸಲ್ಲದು, ಇದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಪರಂಪರೆಯ ಪದ, ಊರಿನ ಹೆಸರು, ಮನೆತನದ ಹೆಸರು ಇವುಗಳಲ್ಲಿ ಇಬ್ಬರಿಗೂ ಪ್ರಾಮಾಣಿಕವಾದ ಹಕ್ಕಿರುವಾಗ, ಮೊದಲು ಬಂದವರಿಗೆ ಮೊದಲು ಎಂಬ ಹಳೆಯ ನಿಯಮವೇ ನಿಲ್ಲಬೇಕು. ಅದು ಪರಿಪೂರ್ಣವಾದ ನ್ಯಾಯವಲ್ಲ. ಆದರೆ ಬಡವನಿಗೂ ಬಲ್ಲಿದನಿಗೂ ಒಂದೇ ಅಳತೆಯದು. ಪ್ರಸಿದ್ಧಿಯನ್ನು ಅಳೆಯುವುದಾದರೆ ಇಂದಿನ ಪ್ರಸಿದ್ಧಿಯನ್ನಲ್ಲ, ಎದುರು ಪಕ್ಷದವನು ಹೆಸರನ್ನು ತೆಗೆದುಕೊಂಡ ದಿನದ ಪ್ರಸಿದ್ಧಿಯನ್ನು ಅಳೆಯಬೇಕು.

ಈ ವಿಚಾರವು ಕನ್ನಡಿಗರಿಗೆ ದೂರದ್ದಲ್ಲ. ಈಗ ಕನ್ನಡ ಲಿಪಿಯಲ್ಲಿಯೇ ‘.ಭಾರತ’ ಎಂಬ ವಲಯವು ಏರ್ಪಟ್ಟಿದೆ. ಇಂಗ್ಲಿಷ್ ಕಾಗುಣಿತದಲ್ಲಿ ಒಂದಕ್ಷರ ಹೆಚ್ಚು ಕಡಮೆ ಮಾಡಿ ಬೇರೆಬೇರೆ ವಿಳಾಸಗಳನ್ನು ಪಡೆಯುವ ಸೌಕರ್ಯ ಕನ್ನಡ ಲಿಪಿಯಲ್ಲಿ ಅಷ್ಟಿಲ್ಲ. ಹಾಲಿನ ನಂದಿನಿಯನ್ನೂ ಊಟದ ನಂದಿನಿಯನ್ನೂ ಕನ್ನಡಿಗನು ಆಡುವುದು ಒಂದೇ ಬಗೆಯಲ್ಲಿ, ಬರೆಯುವುದೂ ಬಹುಶಃ ಒಂದೇ ಬಗೆಯಲ್ಲಿ. ೨೦೧೮ರಲ್ಲಿ ಸರ್ವೋಚ್ಚ ನ್ಯಾಯಾಲಯವು ಎರಡು ಪಾಲು ಮಾಡಿಕೊಟ್ಟ ಹೆಸರು ಈ ವಲಯದಲ್ಲಿ ಮತ್ತೆ ಒಂದೇ ಆಗುತ್ತದೆ. ಕಾವೇರಿ, ತುಂಗಾ, ಚಾಮುಂಡಿ, ಬಸವೇಶ್ವರ ಎಂಬ ಹೆಸರುಗಳಲ್ಲಿ ನಮ್ಮ ನಾಡಿನಲ್ಲಿ ಎಷ್ಟು ಅಂಗಡಿಗಳು, ಮುದ್ರಣಾಲಯಗಳು, ಶಾಲೆಗಳು ಇವೆಯೆಂಬುದು ವಾಚಕರಿಗೆ ತಿಳಿದದ್ದೇ. ಇವರಲ್ಲಿ ಒಬ್ಬನು ಇನ್ನೊಬ್ಬನನ್ನು ಕಳ್ಳನೆಂದು ಕರೆಯಬೇಕಾದ ಪ್ರಸಂಗ ಬಾರದಿರಬೇಕಾದರೆ, ಹೆಸರಿನ ಹುಟ್ಟನ್ನೂ ಬಳಕೆಯ ಕಾಲವನ್ನೂ ತೋರಿಸುವ ದಾಖಲೆಗಳು ಬೇಕು. ಅಂಗಡಿಯ ಹಳೆಯ ರಸೀತಿ, ಮೊದಲ ಕರಪತ್ರ, ಶಾಲೆಯ ಸ್ಥಾಪನೆಯ ವರ್ಷದ ವರದಿ ಇವನ್ನು ನಮ್ಮವರು ಸಾಮಾನ್ಯವಾಗಿ ಎಸೆದುಬಿಡುತ್ತಾರೆ. ವ್ಯಾಜ್ಯ ಬಂದ ದಿನ ಸಾಕ್ಷಿ ಹೇಳುವವು ಇವೇ. ಸ್ಥಳೀಯ ಚರಿತ್ರೆಯ ಸಂಗ್ರಹಕಾರ್ಯದಲ್ಲಿ ತೊಡಗಿರುವ ನಮ್ಮ ವಿದ್ಯಾರ್ಥಿಗಳು ಇಂಥ ಕಾಗದಗಳನ್ನೂ ಸಂಗ್ರಹಿಸಿ ಪಟ್ಟಿಮಾಡುವುದು ಉಪಯುಕ್ತವಾದ ಕೆಲಸವಾದೀತು.